ತಾಳ ಹಾಕದೆ ‘ಯಾರು ದೊಡ್ಡವರು’ ಅನ್ನಬ್ಯಾಡ್ರಿ

ಹಿಂದುಸ್ತಾನಿ ಗಾಯಕರಲ್ಲಿ ಮಲ್ಲಿಕಾರ್ಜುನ ಮನಸೂರ ದೊಡ್ಡವರೋ, ಭೀಮಸೇನ ಜೋಶಿ ದೊಡ್ಡವರೋ? ಧಾರವಾಡದ ಕಡೆ ಸಂಗೀತದ ಹುಚ್ಚಿನ ನಾಲ್ಕು ಜನ ಚಹಾಕ್ಕೆ ಕೂತರೆ ಈ ಮಾತು ಬರದೆ ಏಳುವುದಿಲ್ಲ. ಒಬ್ಬರು ಧಾರವಾಡದ ಪಕ್ಕದ ಮನಸೂರಿನವರು, ಇನ್ನೊಬ್ಬರು ರೋಣದಲ್ಲಿ ಹುಟ್ಟಿದವರು. ಜಗಳ ಮನೆಯೊಳಗಿನದು, ಅದಕ್ಕೇ ಇಷ್ಟು ಜೋರು.

ಭೀಮಣ್ಣನ, ಅಂದರೆ ಜೋಶಿಯವರ ಕಡೆಯವರು ಮೊದಲು ತೆಗೆಯುವುದು 2008ರ ಭಾರತರತ್ನ. ಮನಸೂರರಿಗೆ ಪದ್ಮವಿಭೂಷಣ ಬಂದದ್ದು 1992ರಲ್ಲಿ, ಅದೇ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಇದರಿಂದ ಸಂಗೀತದ ಬಗ್ಗೆ ತಿಳಿಯುವುದು ಸೊನ್ನೆ. ಮನಸೂರರ ಕಡೆಯವರು ರಾಗಗಳ ಪಟ್ಟಿ ಬಿಚ್ಚುತ್ತಾರೆ: ಖಟ್, ಲಾಜವಂತಿ, ಬಿಹಾಗಡಾ, ಶಿವಮತ ಭೈರವ. ಎಲೆಯ ಮೇಲೆ ಎಷ್ಟು ಪದಾರ್ಥ ಬಡಿಸಿದ್ದಾರೆ ಎಂದು ಎಣಿಸಿ ಅಡುಗೆಯ ರುಚಿ ಹೇಳಿದ ಹಾಗೆ ಇದು.

ಇಬ್ಬರ ನಡುವಿನ ನಿಜವಾದ ಫರಕು ಇರುವುದು ಕಾಲವನ್ನು ಬಳಸುವ ರೀತಿಯಲ್ಲಿ. ಅದು ಬೇಕಾದರೆ ತೊಡೆಯ ಮೇಲೆ ತಾಳ ಹಾಕಿ ಕೇಳಬೇಕು.

ಭೀಮಣ್ಣನ ಬಡಾ ಖಯಾಲು, ಅಂದರೆ ರಾಗವನ್ನು ನಿಧಾನವಾಗಿ ಬಿಚ್ಚುವ ದೊಡ್ಡ ಹಾಡಿಕೆ, ಹೆಚ್ಚಾಗಿ ವಿಲಂಬಿತ (ನಿಧಾನ ಲಯದ) ಏಕತಾಳದಲ್ಲಿ, ಹನ್ನೆರಡು ಮಾತ್ರೆ (ತಾಳದ ಎಣಿಕೆ). ಒಂದೊಂದು ಮಾತ್ರೆ ಸುಮಾರು ನಾಲ್ಕು ಸೆಕೆಂಡು ಹಿಡಿದರೆ ಒಂದು ಆವರ್ತನಕ್ಕೇ (ತಾಳದ ಒಂದು ಸುತ್ತಿಗೇ) ಮುಕ್ಕಾಲು ನಿಮಿಷ ದಾಟುತ್ತದೆ. ಹೊಸಬರು ತಪ್ಪಿಸಿಕೊಳ್ಳುವುದು ಇಲ್ಲೇ. ಠೇಕಾ, ಅಂದರೆ ತಬಲಾದ ಬೋಲು, ಕೇಳಿಕೊಳ್ಳಿ: ಧಿಂ ಧಿಂ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧೀ ನಾ. ‘ತಿರಕಿಟ’ ಎರಡು ಸಲ ಬರುತ್ತದೆ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಯಲ್ಲಿ. ಮೊದಲನೆಯದರ ಬೆನ್ನಿಗೆ ತೂ ನಾ ಬಂದರೆ ಇನ್ನೂ ಅರ್ಧ ದಾರಿ ಇದೆ. ಎರಡನೆಯದರ ಬೆನ್ನಿಗೆ ಧೀ ನಾ ಬಂದರೆ ಎರಡೇ ಮಾತ್ರೆ, ಆಮೇಲೆ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ. ಇಷ್ಟು ಗುರುತು ಸಿಕ್ಕರೆ ಭೀಮಣ್ಣ ಹತ್ತನೆಯ ಮಾತ್ರೆಯ ಆಸುಪಾಸಿನಲ್ಲಿ ಹೇಗೆ ಮುಖಡಾಕ್ಕೆ (ಮರಳಿ ಮರಳಿ ಬರುವ ಹಾಡಿನ ಮೊದಲ ತುಣುಕಿಗೆ) ತಿರುಗುತ್ತಾರೆ, ಸಮ್ಮಿಗೆ ಬರುವ ಮುಂಚೆ ಹೇಗೆ ಉಸಿರು ಕಟ್ಟಿಕೊಳ್ಳುತ್ತಾರೆ ಎನ್ನುವುದು ಕಣ್ಣಿಗೆ ಕಟ್ಟಿದಂತೆ ಕೇಳಿಸುತ್ತದೆ. ಸಭೆ ‘ಆಹಾ’ ಅನ್ನುವುದು ಆ ಸಮ್ಮಿಗೆ, ಆದರೆ ಕೆಲಸ ನಡೆದಿರುವುದು ಅದಕ್ಕಿಂತ ಮುಂಚಿನ ಎಂಟು-ಒಂಬತ್ತು ಮಾತ್ರೆಗಳಲ್ಲಿ.

ಮನಸೂರರದು ಹೆಚ್ಚಾಗಿ ತೀನತಾಳ, ಹದಿನಾರು ಮಾತ್ರೆ, ಲಯ ಅಷ್ಟು ನಿಧಾನವಲ್ಲ. ಅಲ್ಲಿ ತಾಳ ಹಿನ್ನೆಲೆಯಲ್ಲಿ ಕಾಯುತ್ತ ಕೂರುವುದಿಲ್ಲ, ಹಾಡಿನ ಜೊತೆಗೇ ನಡೆಯುತ್ತದೆ. ಬಂದಿಶಿನ (ಹಾಡಿನ) ಸ್ಥಾಯಿ, ಅಂದರೆ ಮೊದಲ ಭಾಗ, ಕೈಗೆ ಬಂದ ಕೂಡಲೇ ‘ಆ’ಕಾರದಲ್ಲಿ ನೇಯ್ಗೆ ಶುರು. ಒಂದು ತಾನು (ವೇಗದ ಸ್ವರಗಳ ಸರಣಿ) ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅದರ ಬಾಲದಿಂದಲೇ ಇನ್ನೊಂದು ಹುಟ್ಟಿರುತ್ತದೆ. ಸಮ್ ಬಂದುಹೋದದ್ದು ಬಂದ ಮೇಲೆ ಗೊತ್ತಾಗುತ್ತದೆ. ಇವರಿಗೆ ‘ಆರಾಮ ಇಲ್ಲ, ಗಡಿಬಿಡಿ’ ಅನ್ನುವವರು ಏಕತಾಳದ ಕಿವಿಯಿಂದ ತೀನತಾಳ ಕೇಳುತ್ತಿರುತ್ತಾರೆ. ಭೀಮಣ್ಣನಿಗೆ ‘ಎಳೀತಾರ’ ಅನ್ನುವವರದು ಇದರ ತಿರುವುಮುರುವು.

ಈಗ ಭೀಮಣ್ಣನ ಶುದ್ಧ ಕಲ್ಯಾಣ ರಾಗ ತೆಗೆದುಕೊಳ್ಳಿ. ಆರೋಹ ಭೂಪದ ಹಾಗೆ: ಸ ರಿ ಗ ಪ ಧ ಸಾಂ. ಇಳಿಯುವಾಗ ಮೇಲಿನ ಷಡ್ಜದಿಂದ ಧೈವತಕ್ಕೆ ಜಾರುವ ಮೀಂಡಿನಲ್ಲಿ ನಿಷಾದ, ಪಂಚಮದಿಂದ ಗಾಂಧಾರಕ್ಕೆ ಜಾರುವಾಗ ತೀವ್ರ ಮಧ್ಯಮ. ಎರಡನ್ನೂ ಒತ್ತಿ ನಿಲ್ಲಿಸಿದರೆ ಯಮನ್ ಆಗುತ್ತದೆ, ಪೂರ್ತಿ ಬಿಟ್ಟರೆ ಭೂಪ ಆಗುತ್ತದೆ. ಈ ಎರಡರ ನಡುವಿನ ಕೂದಲೆಳೆಯ ಜಾಗದಲ್ಲಿ, ಅದೂ ಅಷ್ಟು ನಿಧಾನ ಲಯದಲ್ಲಿ, ಒಂದೊಂದೇ ಸ್ವರ ಬಿಚ್ಚುತ್ತ ಮುಕ್ಕಾಲು ಗಂಟೆ ನಿಲ್ಲಬೇಕು. ‘ಅದೇ ಹತ್ತು-ಹದಿನೈದು ರಾಗ ತಿರುಗಿಸಿ ಹಾಡಿದರು’ ಎಂದು ಅವರನ್ನು ಹೀಗಳೆಯುವವರು ಈ ಮೀಂಡನ್ನು ಒಮ್ಮೆ ಗಂಟಲಲ್ಲಿ ತಂದು ನೋಡಬೇಕು.

ಬಸಂತ, ಕೇದಾರ ಎರಡೂ ರಾಗ ಬೆರೆತ ಮನಸೂರರ ಬಸಂತಿ ಕೇದಾರದ ತೊಡಕು ಬೇರೆ ತರಹದ್ದು. ಬಸಂತಕ್ಕೆ ಕೋಮಲ ರಿಷಭ, ಕೋಮಲ ಧೈವತ. ಕೇದಾರದಲ್ಲಿ ಎರಡೂ ಶುದ್ಧ. ಸುಮ್ಮನೆ ಒಂದು ಸಾಲು ಅದು, ಒಂದು ಸಾಲು ಇದು ಎಂದು ಅಂಟಿಸಿದರೆ ಜೋಡರಾಗ ಆಗುವುದಿಲ್ಲ, ತೇಪೆ ಕಾಣುತ್ತದೆ. ಆದರೆ ಎರಡಕ್ಕೂ ಎರಡೆರಡು ಮಧ್ಯಮಗಳಿವೆ, ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಹಾರುವ ನಡೆ ಎರಡಕ್ಕೂ ಸಲ್ಲುತ್ತದೆ. ಬಾಗಿಲು ಇರುವುದು ಅಲ್ಲಿ. ಆ ಮಧ್ಯಮದ ಮೇಲೆ ಮನಸೂರರು ಕಾಲಿಟ್ಟಾಗ ಮುಂದೆ ಯಾವ ಕಡೆ ಹೊರಳುತ್ತಾರೆ ಎಂದು ಊಹಿಸಲು ನೋಡಿ. ಹತ್ತರಲ್ಲಿ ಆರು ಸಲ ತಪ್ಪುತ್ತೀರಿ.

ಹೋಲಿಸಲು ಹೊರಟವರು ಬೀಳುವ ಹಳ್ಳ ಒಂದಿದೆ. ‘ಇಬ್ಬರೂ ಹಾಡಿದ ಮಾಲಕೌಂಸ್ ಹಾಕೋಣ’ ಅನ್ನುತ್ತಾರೆ. ಭೀಮಣ್ಣನದು ಐದು ಸ್ವರದ ಮಾಲಕೌಂಸ್, ರಿಷಭ-ಪಂಚಮ ಇಲ್ಲವೇ ಇಲ್ಲ. ಮನಸೂರರ ಹೆಸರಿನಲ್ಲಿ ಸಿಗುವುದು ಹಲವು ಸಲ ಸಂಪೂರ್ಣ ಮಾಲಕೌಂಸ್, ಅದರಲ್ಲಿ ಎರಡೂ ಇವೆ. ‘ಮನಸೂರರು ಪಂಚಮ ಹಚ್ಚಿದರು’ ಎಂದು ತಪ್ಪು ಹಿಡಿಯುವ ಮುಂಚೆ ರಾಗದ ಹೆಸರನ್ನಾದರೂ ಓದಿ.

ಇನ್ನು ರೆಕಾರ್ಡಿಂಗ್. ಮನಸೂರರದು ಇವತ್ತು ಕೈಗೆ ಸಿಗುವುದು ಬಹುಪಾಲು ಅವರ ಅರವತ್ತು ದಾಟಿದ ಮೇಲಿನದು. ಭೀಮಣ್ಣನ ಹೆಸರಾದ ಲಾಂಗ್ ಪ್ಲೇಗಳು 1960ರ ದಶಕದವು, ಆಗ ಅವರಿಗೆ ನಲವತ್ತರ ಆಸುಪಾಸು. ನಲವತ್ತರ ಗಂಟಲಿನ ಎದುರಿಗೆ ಎಪ್ಪತ್ತರ ಗಂಟಲನ್ನಿಟ್ಟು ‘ಆವಾಜು ಯಾರದು ದೊಡ್ಡದು’ ಅಂದರೆ ಏನು ಹೇಳುವುದು? ಆದರೆ ಅದೇ ಲಾಂಗ್ ಪ್ಲೇ ಭೀಮಣ್ಣನಿಗೂ ಮೋಸ ಮಾಡಿದೆ. ಒಂದು ಬದಿಗೆ ಇಪ್ಪತ್ತು ನಿಮಿಷ ಚಿಲ್ಲರೆ. ಅವರ ಬಢತ್ತು (ರಾಗ ಬೆಳೆಸುವ ಕ್ರಮ) ಅಷ್ಟರಲ್ಲಿ ಹಿಡಿಸುವುದಿಲ್ಲ, ಮಂದ್ರದ (ಕೆಳಗಿನ ಸ್ವರಗಳ) ಕೆಲಸವೇ ಕತ್ತರಿ ಕಾಣುತ್ತದೆ. ಮನಸೂರರು ಇಪ್ಪತ್ತು ನಿಮಿಷದಲ್ಲಿ ರಾಗವೊಂದನ್ನು ಪೂರ್ತಿ ಮಾಡಿ ಏಳಬಲ್ಲರು. ಹೀಗಾಗಿ ಭೀಮಣ್ಣನನ್ನು ತೂಗುವುದಾದರೆ ಮೈಫಿಲಿನ (ಕಛೇರಿಯ) ಧ್ವನಿಮುದ್ರಣ ಹಿಡಿಯಿರಿ.

ಯೂಟ್ಯೂಬಿನ ಹಳೆಯ ಟೇಪುಗಳಲ್ಲಿ ವೇಗದ ಗೊಂದಲವೂ ಇದೆ. ಟೇಪು ಶೇಕಡಾ 6ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ತಾನುಗಳು ಇಲ್ಲದ ಚುರುಕು ಪಡೆಯುತ್ತವೆ. ಅದೇ ಕಾಲದ ಎರಡು-ಮೂರು ಕಛೇರಿಗಳ ಷಡ್ಜವನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಾತ್ರ ಮೇಲಿದ್ದರೆ ಅನುಮಾನಪಡಿ. ಸರಿಪಡಿಸುವಾಗ ಶ್ರುತಿ ಒಂದನ್ನೇ ಇಳಿಸಬೇಡಿ, ವೇಗವನ್ನೇ ಇಳಿಸಿ, ಟೇಪು ಕೆಡಿಸುವುದು ಎರಡನ್ನೂ ಒಟ್ಟಿಗೇ. ಗರಗರ ಸದ್ದು ತೆಗೆಯುತ್ತೇನೆಂದು ಉಜ್ಜಿದ ಕಡತಗಳನ್ನು ಬಿಟ್ಟುಬಿಡಿ. ಸದ್ದಿನ ಜೊತೆ ತಂಬೂರಿಯೂ ಹೋಗಿರುತ್ತದೆ, ಸ್ವರ ಒಣಗಿ ಕೂತಿರುತ್ತದೆ.

ಘರಾಣೆಯ (ಗುರುಪರಂಪರೆಯ ಶೈಲಿಯ) ಗೋಡೆ ಎತ್ತುವವರಿಗೆ ಒಂದು ಮಾತು. ಮನಸೂರರು ಮಂಜೀಖಾನ್, ಅವರು 1937ರಲ್ಲಿ ತೀರಿಕೊಂಡ ಮೇಲೆ ಭೂರ್ಜೀಖಾನ್ ಹತ್ತಿರ ಕಲಿತ ಜೈಪುರ ಘರಾಣೆಯವರು, ಸರಿ. ಅದಕ್ಕೂ ಮುಂಚೆ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ ಘರಾಣೆಯ ಪಾಠ ಆಗಿತ್ತು. ಭೀಮಣ್ಣ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ, ಕಿರಾಣಾ ಘರಾಣೆ. ಆದರೆ ಅವರ ತಾನುಗಳಲ್ಲಿ ಕೇಸರಬಾಯಿ ಕೇರ್ಕರ್ ಛಾಯೆ ಹೊಡೆದು ಕಾಣುತ್ತದೆ, ಕೇಸರಬಾಯಿ ಜೈಪುರ ಘರಾಣೆ ಕಟ್ಟಿದ ಅಲ್ಲಾದಿಯಾಖಾನರ ಶಿಷ್ಯೆ. ಜೈಪುರದ ನೀರು ಕಿರಾಣಾದ ಬಾವಿಯಲ್ಲೂ ಇದೆ.

ಖಯಾಲಿನ ಮಟ್ಟಿಗೆ ನನ್ನ ಮತ ಮನಸೂರರಿಗೆ. ರಾಗ ಮುಂದೆ ಏನು ಮಾಡೀತು ಎನ್ನುವ ಕುತೂಹಲವನ್ನು ಅವರಷ್ಟು ಹೊತ್ತು ಉಳಿಸಿದವರು ಕಡಿಮೆ. ಶುದ್ಧ ಕಲ್ಯಾಣ ಕೇಳಿದ ರಾತ್ರಿ ಮಾತ್ರ ಈ ಮತ ಕೇಳಬೇಡಿ.

ದಾಸರ ಪದ, ವಚನದ ವಿಷಯದಲ್ಲಿ ಮತ ಹಾಕಲು ಬರುವುದಿಲ್ಲ, ಸಾಮಾನೇ ಬೇರೆ. ಭೀಮಣ್ಣನ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ಕ್ಕೆ ಪಲ್ಲವಿಯಿದೆ, ಎಷ್ಟು ದೂರ ಹೋದರೂ ಬಂದು ನಿಲ್ಲಲು ಮನೆಯಿದೆ. ಮನಸೂರರು ಹಾಡಿದ ‘ಅಕ್ಕ ಕೇಳವ್ವಾ’ ವಚನಕ್ಕೆ ಅಂಥ ಪಲ್ಲವಿ ಇಲ್ಲ, ಸಾಲುಗಳ ಉದ್ದವೂ ಒಂದೇ ಅಲ್ಲ. ತಿರುಗಿ ಬರಲು ಯಾವ ಸಾಲು ಎನ್ನುವುದನ್ನು ಹಾಡುವವರೇ ಆರಿಸಬೇಕು. ಮನಸೂರರು ಯಾವುದನ್ನು ಆರಿಸಿದ್ದಾರೆ, ತಾಳ ಹಾಕಿಕೊಂಡೇ ಕೇಳಿ.