ಪಿಲ್ಸೆನ್ನಿನ ಮೆದುನೀರು, ನಮ್ಮ ಓಣಿಯ ನಳ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಪಂಚಾಂಗ ಎರಡು. ಒಂದು ಗೋಡೆಗೆ ತೂಗುಹಾಕಿದ್ದು, ಇನ್ನೊಂದು ನೀರು ಬಿಡುವ ಮನುಷ್ಯನ ತಲೆಯೊಳಗೆ ಇರುವುದು. ಸೀಮಂತ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಲ್ಲವನ್ನೂ ಮೊದಲನೆಯದನ್ನು ನೋಡಿ ಗೊತ್ತುಮಾಡುತ್ತೇವೆ, ಎರಡನೆಯದನ್ನು ಕೇಳಿ ಮುಂದೂಡುತ್ತೇವೆ. ನಮಗೆ ಎಂಟು ದಿನಕ್ಕೊಮ್ಮೆ ನಳ. ಬಂದಾಗ "ನೀರು ಬಂದಾವ" ಅನ್ನುತ್ತೇವೆ, ಬಹುವಚನದಲ್ಲಿ. ಬೆಂಗಳೂರಿನ ನೆಂಟರು ಇದನ್ನು ಕೇಳಿ ನಗುತ್ತಾರೆ. ಇಷ್ಟು ಅಪರೂಪಕ್ಕೆ ಬರುವ ಬೀಗರಿಗೆ ಏಕವಚನ ಹಚ್ಚಲು ಬಾಯಿಯಾದರೂ ಹೇಗೆ ಬರಬೇಕು?

ಇಂಥ ಊರಿನಲ್ಲಿ ಹೋದ ಶನಿವಾರ ಗೋಕುಲ ರೋಡಿನ ಕಡೆ, ಎಸಿ ಹಾಕಿದ ಒಂದು ಕೋಣೆಯಲ್ಲಿ, ಬಿಯರ್ ಆಸ್ವಾದನೆಯ ಗೋಷ್ಠಿ ನಡೆಯಿತು. ಗೋಷ್ಠಿ ಅಂದರೆ ಹುಬ್ಬಳ್ಳಿ-ಧಾರವಾಡಕ್ಕೇನು ಹೊಸದಲ್ಲ. ಕವಿಗೋಷ್ಠಿ ಮುಗಿದ ಮೇಲೆ ಕೆಲವರು ಸದ್ದಿಲ್ಲದೆ ಎದ್ದುಹೋಗಿ ಕುಡಿಯುವುದನ್ನೂ ಕಂಡವರೇ ನಾವು. ಕುಡಿಯುವುದನ್ನೇ ಗೋಷ್ಠಿ ಮಾಡಿ, ಅದಕ್ಕೆ ಸ್ವಾಗತ ಭಾಷಣ ಇಟ್ಟು, ಟಿಕೆಟ್ ಹಚ್ಚಿದ್ದು ಮಾತ್ರ ನಾನು ನೋಡಿದ್ದರಲ್ಲಿ ಇದೇ ಮೊದಲು. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಟ್ಯಾಂಕರ್ ನೀರು ಮನೆಬಾಗಿಲಿಗೆ ಬರುತ್ತಿತ್ತು ಎಂಬ ಮಾತನ್ನು ನಮ್ಮ ಮನೆಯವರು ಈವರೆಗೆ ನಾಲ್ಕು ಸಲ ಹೇಳಿದ್ದಾರೆ.

ಬಿಯರ್ ಬೆಂಗಳೂರಿನ ಒಂದು ಚಿಕ್ಕ ಸ್ವತಂತ್ರ ಬ್ರೂವರಿಯದು, ಪಿಲ್ಸ್ನರ್ ಜಾತಿಯದು. ಆ ಹೆಸರು ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನಿಂದ ಬಂದದ್ದು. ಅದನ್ನು ವಿವರಿಸಲು ನಿಂತವನು ಧಾರವಾಡದ ಹುಡುಗನೇ. ಐದು ವರ್ಷ ಬೆಂಗಳೂರಿನಲ್ಲಿದ್ದು ನಾಲಿಗೆ ಬದಲಾಯಿಸಿಕೊಂಡು ಬಂದಿದ್ದ. ಎರಡೂ ಅರ್ಥದಲ್ಲಿ. "ಸೋ, ಮೊದಲು ನೋಡಬೇಕು, ಆಮೇಲೆ ಮೂಸಬೇಕು, ಕೊನೆಗೆ ಸಿಪ್ ಮಾಡಬೇಕು" ಎಂದ. ನನ್ನ ಪಕ್ಕ ಕೂತಿದ್ದವರು ಹಾವೇರಿಯ ಬೀಗರು. ಅವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವರ ಕಡೆ ಎತ್ತು ಕೊಳ್ಳುವಾಗಲೂ ಇಷ್ಟು ಪರೀಕ್ಷೆ ಇರುವುದಿಲ್ಲವಂತೆ.

ಉದ್ದನೆಯ, ಬುಡ ಸಣ್ಣಗಿನ ಗಾಜಿನ ಲೋಟ. ಅದರಲ್ಲಿ ತೀರ್ಥಕ್ಕಿಂತ ಸ್ವಲ್ಪ ಜಾಸ್ತಿ ಬಿಯರ್. ಬೆಳಕಿಗೆ ಹಿಡಿದರೆ ಚಿನ್ನದ ಬಣ್ಣ, ಮೇಲೆ ಎರಡು ಬೆರಳು ನೊರೆ. ಮೂಸಿದೆವು. ಹುಡುಗನಿಗೆ ಅದರಲ್ಲಿ ಆಗಷ್ಟೇ ಸುಟ್ಟ ಬ್ರೆಡ್ಡು, ಒಣಹುಲ್ಲು, ಹೂವು, ಕಾಳುಮೆಣಸು ಎಲ್ಲ ಸಿಕ್ಕವು. ಬೀಗರು ಕಣ್ಣು ಮುಚ್ಚಿ ಮೂಗು ಹಿಗ್ಗಿಸಿ, "ಮಳಿ ಹೊಡದ ಕಣದಾಗ ಕಾಳಿನ ಚೀಲ ತೋಯ್ದ್ರ ಹಿಂಗ ಬರತೈತಿ" ಎಂದರು. ತಪ್ಪೇನಿಲ್ಲ. ಜವೆಗೋದಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಮೇಲೇ ಬಿಯರಿನ ಕೆಲಸ ಶುರುವಾಗುವುದು. ಹುಡುಗ ಮಾತ್ರ ಬೀಗರ ಮಾತನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ದೋಷಗಳ ಪಾಠ. ಪಿಲ್ಸ್ನರಿನಲ್ಲಿ ಏನನ್ನೂ ಮುಚ್ಚಿಡಲು ಬರುವುದಿಲ್ಲವಂತೆ, ಅಷ್ಟು ತಿಳಿ ಅದು. ಬೆಣ್ಣೆಯ ವಾಸನೆ ಹೆಚ್ಚು ಬಂದರೆ ದೋಷ. ಬೇಯಿಸಿದ ಗೋವಿನಜೋಳದ ವಾಸನೆ ಬಂದರೂ ದೋಷ. ಬೀಗರಿಗೆ ಸಿಟ್ಟು ಬಂತು. "ಏ ತಮ್ಮಾ, ಗ್ವಾಂಜಾಳ ದೋಷ ಅಂದ್ರ ನಮ್ಮ ಹಾವೇರಿ ಜಿಲ್ಲಾನ ದೋಷ ಅಂದಂಗಾತು. ಬೆಣ್ಣಿ ದೋಷ ಅನ್ನಾಕ ಮುಂಚೆ ದಾವಣಗೇರ್ಯಾಗ ಇಳದು ಒಮ್ಮೆ ಕೇಳ್ಕೊಂಡ್ ಬಾ." ಹಿಂದಿನ ಸಾಲಿನಿಂದ ಯಾರೋ "ಸ್ಟ್ರಾಂಗ್ ಇಲ್ಲೇನ್ರಿ?" ಎಂದು ಕೇಳಿದರು. ಪಿಲ್ಸೆನ್ನಿನ ಮೂಲ ಬಿಯರಿನಲ್ಲಿ ಮದ್ಯಾಂಶ 4.4 ಶೇಕಡಾ ಮಾತ್ರ. ಎಂಟರ ಹತ್ತಿರ ಹೋಗದಿದ್ದರೆ ಅದನ್ನು ಸೋಡಾ ಎಂದು ಕರೆಯುವ ಮಂದಿಯ ಮುಂದೆ ಆ ಅಂಕಿಯನ್ನು ಹೇಳುವಾಗ ಹುಡುಗನ ದನಿ ತಾನಾಗಿ ಇಳಿಯಿತು. ಕೊನೆಗೆ "ಕಹಿ ಬಹಳ ಹೊತ್ತು ನಿಲ್ಲುತ್ತೆ ನೋಡಿ, ಫಿನಿಶ್ ಎಷ್ಟು ಉದ್ದ ಇದೆ!" ಎಂದ. 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇಟ್ಟುಕೊಂಡ ಊರಿಗೆ ಬಂದು ಉದ್ದದ ಮಾತು ಆಡಬಾರದಿತ್ತು.

ಇಲ್ಲಿಯವರೆಗೆ ಎಲ್ಲ ಸಸೂತ್ರವಾಗಿತ್ತು. ಕೆಟ್ಟದ್ದು ನೀರಿನ ವಿಷಯ ಬಂದಾಗ.

ಬಿಯರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. ಬೊಹೆಮಿಯಾದ ಪಿಲ್ಸೆನ್ ಊರಿನ ನೀರಿನಲ್ಲಿ ಖನಿಜಾಂಶ ತೀರ ಕಡಿಮೆ. ಆ ಮೆದುನೀರಿನಲ್ಲಿ ಹಾಪ್ಸ್ ಹೂವಿನ ಕಹಿ ನಾಲಿಗೆಯನ್ನು ಕೆರೆಯದೆ ನಯವಾಗಿ ಇಳಿಯುತ್ತದೆ. ನೀರು ಗಡಸಾದರೆ ಅದೇ ಕಹಿ ಒರಟಾಗುತ್ತದೆ. ಅದಕ್ಕೇ ಇಲ್ಲಿ ಪಿಲ್ಸ್ನರ್ ಮಾಡುವವರು ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ ಅದರ ಉಪ್ಪನ್ನೆಲ್ಲ ಕಿತ್ತು, ಆಮೇಲೆ ಬೇಕಾದಷ್ಟನ್ನೇ ತೂಗಿ ಹಾಕುತ್ತಾರೆ. ತೊಳೆಯುವುದು, ತಂಪು ಮಾಡುವುದು ಎಲ್ಲ ಸೇರಿ ಒಂದು ಲೀಟರ್ ಬಿಯರಿಗೆ ನಾಲ್ಕಾರು ಲೀಟರ್ ನೀರು ಖರ್ಚು. "ನೀರಿಗೂ ಒಂದು ವ್ಯಕ್ತಿತ್ವ ಇರುತ್ತೆ, ಇಂಡಿಯಾದಲ್ಲಿ ನಾವು ಅದನ್ನು ಗಮನಿಸೋದೇ ಇಲ್ಲ" ಎಂದು ಹುಡುಗ ನಿಟ್ಟುಸಿರು ಬಿಟ್ಟ.

ನಾವು ಗಮನಿಸುವುದಿಲ್ಲ! ಗದಗಿನ ನಮ್ಮ ಅತ್ತೆ ಯಾವ ಊರಿನ ನೀರಿನಲ್ಲಿ ತೊಗರಿಬೇಳೆ ಎಷ್ಟು ಸೀಟಿಗೆ ಬೇಯುತ್ತದೆ ಎಂದು ಹೇಳಬಲ್ಲರು. ಸವಳು ನೀರು, ಸಿಹಿ ನೀರು, ಬೋರಿನ ನೀರು, ನಳದ ನೀರು, ಟ್ಯಾಂಕರಿನದು, ಟ್ಯಾಂಕರಿನವನು ಸಿಹಿಯೆಂದು ಆಣೆ ಮಾಡಿದ್ದು, ಇಷ್ಟನ್ನೂ ಬಾಯಿಗೆ ಹಾಕಿಕೊಂಡು ಬೇರೆ ಬೇರೆ ಹೇಳುವ ನಾಲಿಗೆಗಳು ಮನೆಗೆ ಎರಡರಂತೆ ಇವೆ. ನಳ ಬಂದಾಗ ಮೊದಲ ಕೊಡ ಚೆಲ್ಲುವುದು, ಎರಡನೆಯದು ಬಳಕೆಗೆ, ಮೂರನೆಯದನ್ನು ಅಂಗೈಯಲ್ಲಿ ಹಿಡಿದು, ನೋಡಿ, ಮೂಸಿ, ಒಂದು ಗುಟುಕು ಕುಡಿದು ಆಮೇಲೆ ಕುಡಿಯುವ ಹಂಡೆಗೆ. ನೋಡು, ಮೂಸು, ಸಿಪ್ ಮಾಡು. ಇದಕ್ಕೆ ಈವರೆಗೆ ಯಾರೂ ಟಿಕೆಟ್ ಹಚ್ಚಿಲ್ಲ.

ಲಾಗರ್ ಎನ್ನುವ ಜರ್ಮನ್ ಮಾತಿನ ಅರ್ಥ ಸಂಗ್ರಹಿಸಿಡುವುದು ಅಂತಲಂತೆ. ತಳಕ್ಕೆ ಕೂಡುವ ಯೀಸ್ಟ್ ಹಾಕಿ, ತಂಪಿನಲ್ಲಿ ವಾರಗಟ್ಟಲೆ ಅಲುಗಾಡಿಸದೆ ಇಡಬೇಕು. ನಾವೂ ಇಡುತ್ತೇವೆ. ಬಚ್ಚಲ ಮನೆಯ ನೀಲಿ ಬ್ಯಾರಲ್ಲಿನಲ್ಲಿ, ಎಂಟು ದಿನ. ತಳಕ್ಕೆ ರಾಡಿ ಕೂಡುತ್ತದೆ. ಆರನೆಯ ದಿನಕ್ಕೆ ಅದರಲ್ಲೂ ಜೀವಿಗಳು ಕಾಣಿಸಿಕೊಳ್ಳುತ್ತವೆ, ಬರಿಗಣ್ಣಿಗೇ.

ಹುಡುಗ ಇತಿಹಾಸಕ್ಕೆ ಹೊರಳಿದ. 1838ರಲ್ಲಿ ಪಿಲ್ಸೆನ್ನಿನ ಜನ ತಮ್ಮೂರಿನ ಕೆಟ್ಟ ಬಿಯರಿಗೆ ರೋಸಿ, 36 ಪೀಪಾಯಿಗಳನ್ನು ಪುರಭವನದ ಮುಂದೆ ತಂದು ಸುರಿದರು. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಕುದಿಸಿದ್ದೇ ಮೊದಲ ಪಿಲ್ಸ್ನರ್. ಸುರಿದದ್ದಕ್ಕೂ ಕುದಿಸಿದ್ದಕ್ಕೂ ನಡುವೆ ನಾಲ್ಕೇ ವರ್ಷ.

ಕೋಣೆಯಲ್ಲಿ ಒಂದು ಬಗೆಯ ಮೌನ ಬಿತ್ತು. ಎಲ್ಲರೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದರು. ಹಗಲೂ ರಾತ್ರಿ ನೀರು ಕೊಡುವ ವಿಶ್ವಬ್ಯಾಂಕ್ ನೆರವಿನ ಪ್ರಯೋಗ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಯಶಸ್ವಿಯಾಯಿತು. ಬೇರೆ ಊರುಗಳಿಂದ ಜನ ನೋಡಲು ಬಂದು ಹೋದರು. ಪಕ್ಕದ ವಾರ್ಡಿನವರಾದ ನಾವು ಹೋಗದೆ ಇನ್ನೂ ನೋಡುತ್ತಲೇ ಇದ್ದೇವೆ. ಮಹದಾಯಿ ನ್ಯಾಯಮಂಡಳಿ 2010ರಲ್ಲಿ ಹುಟ್ಟಿ, 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಆ ನೀರು ಘಟ್ಟ ಹತ್ತಿ ಮಲಪ್ರಭೆಗೆ ಬರುವುದು ಇರಲಿ, ನಮ್ಮ ಹುಡುಗರೇ ಶನಿವಾರ ಘಟ್ಟ ಇಳಿದು ಗೋವಾದಲ್ಲಿ ಅದನ್ನು ಬಿಯರಿನ ರೂಪದಲ್ಲಿ ಕುಡಿದು ಬರುತ್ತಾರೆ. ಹೊಟ್ಟೆಯೊಳಗೆ ತಂದರೆ ಯಾರ ತಕರಾರೂ ಇಲ್ಲ, ಬಾಟಲಿಯಲ್ಲಿ ತಂದರೆ ಅಬಕಾರಿ ಚೆಕ್‌ಪೋಸ್ಟ್. ಇನ್ನು ನೀರಸಾಗರ ಕೆರೆ. ಅದು ಬತ್ತಿದ ಬೇಸಿಗೆಗಳನ್ನು ಕಂಡವರು ಆ ಹೆಸರಿನ ಪದಗಳನ್ನು ಬೇರೆಯಾಗಿ ಬಿಡಿಸುತ್ತಾರೆ: ನೀರಸ ಅಧಿಕ ಆಗರ, ಸವರ್ಣದೀರ್ಘ ಸಂಧಿ.

ಬೀಗರು ಮೆಲ್ಲಗೆ ಕೇಳಿದರು: "ಅಲ್ರೀ, ಅವರು ಪಸಂದ ಇಲ್ಲದ್ದನ್ನ ಒಯ್ದು ಸುರದ್ರು. ನಾವೂ ಸುರೀಬೇಕಂದ್ರ ಮೊದಲ ಬರಬೇಕಲ್ಲ?"

ನಮ್ಮ ಸರ್ಕಾರದ ಜಾಣತನವನ್ನು ಇಲ್ಲಿ ಮೆಚ್ಚಲೇಬೇಕು. ವಿಸ್ಕಿ, ಬಿಯರುಗಳನ್ನು ಸಗಟು ಹಂಚುವ ಸಂಸ್ಥೆಗೆ ಅದು ಇಟ್ಟ ಹೆಸರು ರಾಜ್ಯ ಪಾನೀಯ ನಿಗಮ. ಪಾನೀಯ ಎಂದರೆ ಸಂಸ್ಕೃತದಲ್ಲಿ ನೀರು ಅಂತಲೂ ಅರ್ಥವಿದೆ. ಬಿಯರ್ ಎಂಟು ದಿನಕ್ಕೊಮ್ಮೆ ಬರುತ್ತದೆ ಎಂದು ಯಾವ ಅಂಗಡಿಯವನೂ ದೂರಿದ್ದನ್ನು ನಾನು ಕೇಳಿಲ್ಲ.

ಮೂರನೆಯ ಸುತ್ತಿನ ಲೋಟ ಕೈಗೆ ಬರುವಷ್ಟರಲ್ಲಿ ನನ್ನ ಫೋನು ಗುಂಯ್ಗುಟ್ಟಿತು. ಎದುರಿನವರದೂ. ಹಿಂದಿನ ಸಾಲಿನ ಸ್ಟ್ರಾಂಗ್ ಮನುಷ್ಯನದೂ. ಅಲ್ಲಿದ್ದ ಅರ್ಧ ಮಂದಿ ಒಂದೇ ಲೈನಿನವರು. "ಏನ್ರೀ, ನೀರು ಬಂದಾವ. ಕರೆಂಟ್ ಹೋಗೇತಿ, ಮೋಟಾರ್ ನಡ್ಯೂದಿಲ್ಲ. ಲಗೂನ ಬರ್ರಿ." ಕುರ್ಚಿಗಳು ಹಿಂದಕ್ಕೆ ಸರಿದವು. ಪಿಲ್ಸೆನ್, ಬವೇರಿಯಾ, ಹಾಪ್ಸ್ ಎಲ್ಲ ಮೇಜಿನ ಮೇಲೇ ಉಳಿದವು. ಬಾಗಿಲಿನಲ್ಲಿ ನಮ್ಮನ್ನು ತಳ್ಳಿಕೊಂಡು ಮುಂದೆ ಹೋದವನು ಯಾರೆಂದು ನೋಡಿದರೆ ಆ ಹುಡುಗನೇ, ಫೋನು ಕಿವಿಗಿಟ್ಟು: "ಯವ್ವಾ, ಬಂದ್ನಿ, ಬಂದ್ನಿ. ಪೈಪ್ ಹಚ್ಚಿಡು. ಆ ಮೊದಲ್ನೇ ಕೊಡ ಕುಡ್ಯಾಕ ಹಿಡೀಬ್ಯಾಡ!" ಐದು ವರ್ಷದ ನಾಲಿಗೆ ಒಂದು ಕ್ಷಣದಲ್ಲಿ ಮನೆಗೆ ಮರಳಿತ್ತು.

ಟಿಕೆಟ್ಟಿನ ಜೊತೆ ಕೊಟ್ಟಿದ್ದ ಲೋಟವನ್ನು ನಾನು ಬಿಟ್ಟುಬರಲಿಲ್ಲ. ಮನೆಯವರು ಅದನ್ನು ಕಸಿದುಕೊಂಡು ನಳದ ಕೆಳಗೆ ಹಿಡಿದರು. ತುಸು ಕೆಂಪು, ಮೇಲೆ ಒಂದು ಬೆರಳು ನೊರೆ. ಬೀದಿದೀಪವೂ ಇಲ್ಲದ ಕತ್ತಲಲ್ಲಿ ಮೊಬೈಲಿನ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು.

"ಇದು ಸಂಡಾಸಕ್ಕ" ಎಂದು ಬಕೆಟ್ಟಿಗೆ ಸುರಿದು, ಲೋಟ ತೊಳೆದು ಮತ್ತೆ ಹಿಡಿದರು.