ಚೀನಾದಲ್ಲಿ ಸಂಸಾರ ಅಂದ್ರೆ ಅಜ್ಜಿಯರ ದುಡಿಮೆ

ಸಂಜೆ ನಾಲ್ಕಕ್ಕೆ ಸುಝೌ ನಗರದ ಯಾವುದೇ ಕಿಂಡರ್‌ಗಾರ್ಟನ್ ಗೇಟಿಗೆ ಹೋಗಿ ನೋಡಿ. ಅಪ್ಪ-ಅಮ್ಮಂದಿರು ಅಲ್ಲೊಬ್ಬರು ಇಲ್ಲೊಬ್ಬರು. ಮಿಕ್ಕವರೆಲ್ಲ ಅಜ್ಜಿ-ತಾತಂದಿರು. ಎಲೆಕ್ಟ್ರಿಕ್ ಸ್ಕೂಟರ್ ನಿಲ್ಲಿಸಿಕೊಂಡು, ಮಗುವನ್ನು ಕರೆದುಕೊಂಡು ಹೋಗುವ ಕಾರ್ಡು ಕೊರಳಿಗೆ ಹಾಕಿಕೊಂಡು, ಬಿಸಿನೀರಿನ ಫ್ಲಾಸ್ಕ್ ಹಿಡಿದು ಕಾಯುತ್ತಿರುತ್ತಾರೆ. ಗೇಟು ತೆರೆದ ಕೂಡಲೇ ಮಗುವಿನ ಬ್ಯಾಗು ಅಜ್ಜಿಯ ಹೆಗಲಿಗೆ. ಮಗುವಿನ ಬೆನ್ನಿಗೂ ಅಂಗಿಗೂ ಮಧ್ಯೆ ಒಂದು ತೆಳ್ಳನೆ ಟವೆಲ್. ಆಡಿ ಬೆವರಿದರೆ ಶೀತ ಆಗಬಾರದಲ್ವಾ, ಅದಕ್ಕೆ.

ಆ ಗುಂಪಿನಲ್ಲಿ ನಾನೊಬ್ಬಳು ಕಪ್ಪು ಕೂದಲಿನವಳು, ಸೀರೆ ಉಡದಿದ್ದರೂ ಇಂಡಿಯಾದವಳು ಅಂತ ದೂರದಿಂದಲೇ ಗೊತ್ತಾಗುವವಳು. ದಿನಾ ನಾನೇ ಯಾಕೆ ಬರ್ತೀನಿ, ಮಗುವಿನ ಅಜ್ಜಿ ಎಲ್ಲಿ ಅಂತ ಅವರಿಗೆಲ್ಲ ಆಶ್ಚರ್ಯ. ಶುರುವಿನಲ್ಲಿ ಈ ಪ್ರಶ್ನೆ ಸ್ವಲ್ಪ ಅಧಿಕಪ್ರಸಂಗ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಇಲ್ಲಿ ಸಂಸಾರ ಹೇಗೆ ನಡೆಯುತ್ತದೆ ಅಂತ ತಿಳಿದವರು ಕೇಳಬೇಕಾದ ಸರಿಯಾದ ಪ್ರಶ್ನೆಯೇ ಅದು.

ಊರಿನವರು ಚೀನಾ ಬಗ್ಗೆ ಕೇಳೋದು ಬುಲೆಟ್ ಟ್ರೇನು, ಕ್ಯಾಮೆರಾ, ಹಾವು-ಚೇಳು ತಿನ್ನೋದು. ಅದನ್ನೆಲ್ಲ ರೀಲ್ಸ್‌ನಲ್ಲಿ ನೋಡಿದ್ದೀರಿ, ನಾನು ಹೊಸದಾಗಿ ಹೇಳೋದೇನೂ ಇಲ್ಲ. ತೊಗರಿಬೇಳೆ ಆನ್‌ಲೈನಿನಲ್ಲಿ ಸಿಗುತ್ತದೆ. ಭಾಷೆ ಅರ್ಧಂಬರ್ಧ ಬರುತ್ತದೆ, ಮಿಕ್ಕಿದ್ದು ಫೋನು ನೋಡಿಕೊಳ್ಳುತ್ತದೆ. ದುಡ್ಡು, ಬಸ್ಸು, ಆಸ್ಪತ್ರೆಯ ಚೀಟಿ ಎಲ್ಲವೂ ಅದೇ ಫೋನಿನಲ್ಲಿ. ಇದೆಲ್ಲ ನಮ್ಮ ಮನೆಗೆ ಒಗ್ಗಿಹೋಗಿದೆ. ಒಗ್ಗದೆ ಉಳಿದಿದ್ದು ಒಂದೇ. ಮನೆ ಅಂದಮೇಲೆ ಅಜ್ಜಿ ಇದ್ದೇ ಇರುತ್ತಾಳೆ ಅನ್ನುವ ಲೆಕ್ಕದ ಮೇಲೆ ಇಲ್ಲಿನ ದಿನ ನಿಂತಿದೆ. ನಮ್ಮ ಮನೆಯಲ್ಲಿ ಅಜ್ಜಿ ಇಲ್ಲ.

ಈ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ರಜೆ 98 ದಿನ. ಅದರ ಮೇಲೆ ಪ್ರಾಂತ್ಯಗಳು ಒಂದಿಷ್ಟು ಸೇರಿಸಿ ಕೊಡುತ್ತವೆ. ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳೋದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗುವನ್ನು ಯಾರು ನೋಡಬೇಕು? ಅಮ್ಮನಿಗೆ ಆಫೀಸು ಇದೆ. ಅಷ್ಟು ಚಿಕ್ಕ ಮಕ್ಕಳ ಡೇ ಕೇರ್‌ಗಳು ಕಡಿಮೆ, ಇದ್ದರೂ ದುಬಾರಿ. ಆದರೆ ಕಾರ್ಖಾನೆ ಕೆಲಸದ ಹೆಂಗಸರಿಗೆ ಇಲ್ಲಿ 50ಕ್ಕೇ ನಿವೃತ್ತಿ ಆಗುತ್ತಿತ್ತು, ಆಫೀಸಿನವರಿಗೆ 55ಕ್ಕೆ. ಮೊಮ್ಮಗು ಹುಟ್ಟುವ ಹೊತ್ತಿಗೆ ಗಟ್ಟಿಮುಟ್ಟಾದ ಅಜ್ಜಿ ಮನೆಯಲ್ಲಿ ಸಿದ್ಧ. ಮೇಲೆ 1980ರಿಂದ 2015ರವರೆಗೆ ಒಂದೇ ಮಗುವಿನ ಕಾನೂನು ಬೇರೆ. ಈಗ ಅಪ್ಪ-ಅಮ್ಮ ಆಗಿರುವ ಪೇಟೆಯ ಹುಡುಗ-ಹುಡುಗಿಯರು ಹೆಚ್ಚಿನವರು ಒಂಟಿ ಮಕ್ಕಳು. ಹಾಗಾಗಿ ಒಂದು ಕೂಸಿಗೆ ನಾಲ್ಕು ಜನ ಅಜ್ಜಿ-ತಾತ, ನಾಲ್ಕೂ ಜನಕ್ಕೆ ಅದೊಂದೇ ಮೊಮ್ಮಗು. ಟವೆಲ್ ತುರುಕದೆ ಇನ್ನೇನು ಮಾಡ್ತಾರೆ ಹೇಳಿ!

ನಮ್ಮ ಬ್ಲಾಕಿನಲ್ಲಿ ಅನ್ಹುಯಿ ಪ್ರಾಂತ್ಯದ ಒಬ್ಬ ಅಜ್ಜಿ ಇದ್ದಾರೆ. ನನಗಿಂತ ಅವರ ಮ್ಯಾಂಡರಿನ್ ಬಹಳವೇನೂ ಚೆನ್ನಾಗಿಲ್ಲ, ಅದಕ್ಕೇ ನಮ್ಮಿಬ್ಬರಿಗೂ ಹೊಂದಿಕೆ. ಅವರು ಅವರ ಹಳ್ಳಿ ಮಾತಿನಲ್ಲಿ, ನಾನು ನನ್ನ ಮುರುಕು ಚೀನಿಯಲ್ಲಿ, ಬೆಂಚಿನ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತೇವೆ. ನನ್ನ ಮಗಳೂ ಅವರನ್ನು ನೈನೈ, ಅಂದ್ರೆ ಅಜ್ಜಿ, ಅಂತಲೇ ಕರೆಯುತ್ತಾಳೆ. ಅವಳ ಕಾಲುಚೀಲ ತೆಳ್ಳಗಿದೆ ಅಂತ ನನ್ನನ್ನು ಬೈಯುವ ಅಧಿಕಾರವನ್ನು ಅವರೇ ತೆಗೆದುಕೊಂಡಿದ್ದಾರೆ. ಸೊಸೆಗೂ ಇಷ್ಟು ಬೈಯೋಲ್ಲ ಅಂತ ನನಗೆ ಅನುಮಾನ.

ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಬರುವಾಗ ರಾತ್ರಿ. ಗಂಡ ಊರಿನಲ್ಲಿ ಒಬ್ಬರೇ ಗೋಧಿ ಹೊಲ ನೋಡಿಕೊಂಡಿದ್ದಾರೆ. ಮೊಮ್ಮಗನ ಸಲುವಾಗಿ ಗಂಡ-ಹೆಂಡತಿ ಬೇರೆಬೇರೆ ಪ್ರಾಂತ್ಯದಲ್ಲಿ. ವಸಂತ ಹಬ್ಬಕ್ಕೆ, ಅಂದ್ರೆ ಚೀನಿ ಹೊಸ ವರ್ಷಕ್ಕೆ, ಊರಿಗೆ ಹೋದಾಗಲೇ ಅವರಿಬ್ಬರು ಒಂದೇ ಒಲೆಯ ಅಡಿಗೆ ಉಣ್ಣೋದು. ಹಳ್ಳಿಯವರಿಗೆ ಸರ್ಕಾರ ಕೊಡುವ ಪಿಂಚಣಿ ತಿಂಗಳಿಗೆ 200 ಯುವಾನ್ ಆಸುಪಾಸು. ಅವರ ಆರೋಗ್ಯ ವಿಮೆಯೂ ಊರಿನದೇ. ಬೇರೆ ಪ್ರಾಂತ್ಯದಲ್ಲಿ ತೋರಿಸಿಕೊಂಡರೆ ಊರಿನಷ್ಟು ದುಡ್ಡು ವಾಪಸ್ ಬರೋದಿಲ್ಲ. ಅದಕ್ಕೆ ಬಿಪಿ ಮಾತ್ರೆಯನ್ನೂ ಊರಿಗೆ ಹೋದಾಗಲೇ ತಂದಿಟ್ಟುಕೊಳ್ಳುತ್ತಾರೆ. ಬೆಳಗ್ಗೆ ತರಕಾರಿ, ಮಧ್ಯಾಹ್ನ ಅಡಿಗೆ, ನಾಲ್ಕಕ್ಕೆ ಗೇಟು. ಸಂಜೆ ತಟ್ಟೆ ಹಿಡಿದು ಮೊಮ್ಮಗನ ಹಿಂದೆ ಓಟ. ಇಷ್ಟಕ್ಕೂ ಸಂಬಳ ಇಲ್ಲ, ರಜೆ ಇಲ್ಲ. ಚೀನಾದ ಹೆಂಗಸರು ಇಷ್ಟು ಜನ ಕೆಲಸಕ್ಕೆ ಹೋಗ್ತಾರೆ ನೋಡಿ ಅಂತ ಹೊಗಳುವವರು ಈ ಅಜ್ಜಿಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ನಮ್ಮ ಕಡೆ ಕಥೆ ಬೇರೆ. ಹಾಸನದಲ್ಲಿರುವ ನಮ್ಮ ಅತ್ತೆಗೆ ಮೊಮ್ಮಗಳ ಮುಖ ನೋಡೋದೇ ಒಂದು ಸಾಹಸ. ವಾಟ್ಸಾಪ್ ಇಲ್ಲಿ ನಡೆಯೋಲ್ಲ, 2017ರಿಂದಲೇ ಅದಕ್ಕೆ ತಡೆ. ಇಲ್ಲಿನ ವೀಚಾಟನ್ನು 2020ರ ಜೂನ್ 29ರಂದು ಭಾರತ ನಿಷೇಧಿಸಿತು, ಟಿಕ್‌ಟಾಕ್ ಕೂಡ ಇದ್ದ 59 ಆಪ್‌ಗಳ ಪಟ್ಟಿಯಲ್ಲಿ. ಎರಡು ಸರ್ಕಾರಗಳ ಜಗಳದಲ್ಲಿ ಅಜ್ಜಿ-ಮೊಮ್ಮಗಳ ಹರಟೆಗೆ ಎರಡೂ ಕಡೆಯಿಂದ ಬಾಗಿಲು ಹಾಕಿದ ಹಾಗಾಯಿತು. ಗಂಡಸರ ರಾಜಕೀಯ ಅಂತ ನಮ್ಮ ಅತ್ತೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಈಗ ನನ್ನ ಇಂಡಿಯಾ ಸಿಮ್ ರೋಮಿಂಗ್‌ನಲ್ಲಿಟ್ಟುಕೊಂಡು ಮಾತಾಡಿಸುತ್ತೇನೆ, ಅದರಲ್ಲಿ ವಾಟ್ಸಾಪ್ ನಡೆಯುತ್ತದೆ. ಈ ಪೋಸ್ಟೂ ಅದರಲ್ಲೇ ಹಾಕುತ್ತಿದ್ದೇನೆ, ಫೋಟೋ ಇಲ್ಲ ಅಂತ ಬೈಕೋಬೇಡಿ. ಡೇಟಾ ದುಬಾರಿ.

ಅತ್ತೆ ಇಲ್ಲಿಗೇ ಬರಬಹುದಲ್ವಾ ಅಂತ ಕೇಳ್ತೀರಿ. ಬರಬಹುದು. ಇಲ್ಲಿ ಕೆಲಸಕ್ಕಿರುವ ವಿದೇಶಿಯರ ಹತ್ತಿರದ ನೆಂಟರಿಗೆ ಎಸ್2 ವೀಸಾ ಇದೆ, ಒಂದು ಸಲಕ್ಕೆ ಹೆಚ್ಚೆಂದರೆ 180 ದಿನ. ಬಂದು ಇಳಿದ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಾಯಿಸಬೇಕು. ಹೆದರುವಂಥದ್ದೇನಿಲ್ಲ, ಬೇಗ ಮುಗಿಯುತ್ತದೆ. ಕಷ್ಟ ಇರೋದು ಅದಕ್ಕೂ ಮುಂಚೆ. ಬೆಂಗಳೂರಿನಿಂದ ಸಿಂಗಾಪುರದಲ್ಲೋ ಹಾಂಕಾಂಗ್‌ನಲ್ಲೋ ವಿಮಾನ ಬದಲಿಸಬೇಕು, ಇಂಗ್ಲಿಷ್ ಬಾರದ ಅತ್ತೆ ಒಬ್ಬರೇ. ಭಾರತ-ಚೀನಾ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು, ಆದರೆ ಮೊದಲು ಬಂದದ್ದು ಕೋಲ್ಕತ್ತ-ಗುವಾಂಗ್‌ಝೌ ನಡುವೆ. ಹಾಸನದ ಅಜ್ಜಿಗೆ ಕೋಲ್ಕತ್ತವೂ ಒಂದು ಪರದೇಶವೇ. ಚಳಿ ಇನ್ನೊಂದು ತಕರಾರು. ಮನೆಗಳಿಗೆ ಸರ್ಕಾರದ ಹೀಟಿಂಗ್ ಇರೋದು ಉತ್ತರ ಚೀನಾದಲ್ಲಿ. ಹುವಾಯ್ ನದಿಯ ದಕ್ಷಿಣಕ್ಕಿರುವ ಸುಝೌಗೆ ಅದಿಲ್ಲ. ಜನವರಿಯಲ್ಲಿ ಹೊರಗಿಗಿಂತ ಮನೆಯೊಳಗೇ ಜಾಸ್ತಿ ಚಳಿ ಅನ್ನಿಸುತ್ತದೆ. ಮಂಡಿ ನೋವಿರುವವರಿಗೆ ಖಂಡಿತ ಬೇಡ.

ನನಗೆ ಅತ್ತೆ ಬೇಕು, ನಿಜ. ಆದರೆ ಯಾವುದಕ್ಕೆ ಬೇಕು ಅಂತ ಕೇಳಿಕೊಂಡರೆ ಉತ್ತರ ಅಷ್ಟು ಚೆನ್ನಾಗಿಲ್ಲ. ನಾಲ್ಕು ಗಂಟೆಯ ಗೇಟಿಗೆ ಬೇಕು. ಅನ್ಹುಯಿ ಅಜ್ಜಿಯ ಮನೆಯವರು ಮಾಡಿದ್ದನ್ನೇ ನಾನೂ ಮಾಡಬೇಕು ಅಂತಿದ್ದೇನೆ. ನಮ್ಮವರೂ ಇದನ್ನು ಯಾವತ್ತಿನಿಂದಲೋ ಮಾಡಿದ್ದಾರೆ. ಬಾಣಂತನಕ್ಕೆ ಅಂತ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳೋದು, ಆರು ತಿಂಗಳು ಮಗು ನೋಡಿಸೋದು, ಅವರು ಹೊರಟ ಮೇಲೆ ಅತ್ತೆಯನ್ನು ಕರೆಸೋದು. ನಡುವೆ ಒಂದು ದಿನ ನಯಾಗರಾ ತೋರಿಸಿ, ಫೋಟೋ ಹಾಕಿ, ಅಮ್ಮ ಅಮೆರಿಕಾ ಟೂರ್‌ನಲ್ಲಿದ್ದಾರೆ ಅಂತ ಬರೆಯೋದು. ದಯವಿಟ್ಟು ಅದನ್ನು ಟೂರ್ ಅನ್ನಬೇಡಿ. ಚೀನಾದವರು ಕೊನೇಪಕ್ಷ ಹಾಗೆ ಬಣ್ಣ ಹಚ್ಚೋದಿಲ್ಲ. ಮೊಮ್ಮಗನನ್ನು ನೋಡಿಕೊಳ್ಳೋಕೆ ಬಂದಿದ್ದೀನಿ, ಅವನು ಮೂರನೇ ಕ್ಲಾಸಿಗೆ ಬಂದ ಮೇಲೆ ಊರಿಗೆ ಹೋಗ್ತೀನಿ ಅಂತ ನೈನೈ ನೇರವಾಗಿ ಹೇಳುತ್ತಾರೆ.

ಇಲ್ಲಿಯೂ ಇದು ಹೀಗೇ ನಡೆಯುತ್ತಾ ಅಂತ ನನಗೆ ಅನುಮಾನ. 2025ರ ಜನವರಿಯಿಂದ ನಿವೃತ್ತಿ ವಯಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಿದ್ದಾರೆ. 15 ವರ್ಷದಲ್ಲಿ ಗಂಡಸರಿಗೆ 63, ಹೆಂಗಸರಿಗೆ ಕೆಲಸ ನೋಡಿ 55 ಇಲ್ಲವೇ 58 ಆಗುತ್ತದೆ. ಇನ್ನೊಂದು ಕಡೆ ಮೂರು ಮಕ್ಕಳಾಗಲಿ ಅಂತ 2021ರಿಂದ ಸರ್ಕಾರ ಹೇಳುತ್ತಿದೆ. ಅಜ್ಜಿ 58ರವರೆಗೆ ಆಫೀಸಿನಲ್ಲಿದ್ದರೆ ಆ ಮೂರನ್ನೂ ಎತ್ತಿಕೊಳ್ಳುವವರು ಯಾರು? ಗೇಟಿನ ಹತ್ತಿರ ತಾತಂದಿರು ಇದನ್ನೇ ಮಾತಾಡುತ್ತಿರುತ್ತಾರೆ, ನನಗೆ ಪೂರ್ತಿ ಅರ್ಥ ಆಗದಿದ್ದರೂ ಸಿಟ್ಟು ಅರ್ಥ ಆಗುತ್ತದೆ.

ಅತ್ತೆಯನ್ನು ಏಪ್ರಿಲ್‌ನಲ್ಲಿ ಕರೆಸುತ್ತಿದ್ದೇವೆ. ಗೇಟಿಗೆ ನಾನೇ ಹೋಗುತ್ತೇನೆ ಅಂತ ಮನೆಯವರಿಗೆ ಹೇಳಿಯಾಗಿದೆ. ಅತ್ತೆಗೆ ಬೇಕಾದರೆ ಬರಲಿ, ನೈನೈ ಜೊತೆ ಕೂತು ಸೊಸೆಯಂದಿರ ಮೇಲೆ ದೂರು ಹೇಳಲಿ. ಈಗ ಕಾಗದದ ಕೆಲಸ ನಡೀತಿದೆ. ಅತ್ತೆಯ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಸೇರಿಸಿದ್ದಾರೆ, ಮಗನ ಜನನ ಪತ್ರದಲ್ಲಿ ಬರೀ ಕರೆಯುವ ಹೆಸರಿದೆ. ಇಬ್ಬರೂ ತಾಯಿ-ಮಗ ಅಂತ ತೋರಿಸೋದೇ ತಲೆನೋವಾಗಿದೆ. ಹೀಗೆ ಹೆಸರು ಹೊಂದದೇ ಇದ್ದಾಗ ಅಫಿಡವಿಟ್ ಮಾಡಿಸಿ ಚೀನಾ ವೀಸಾ ತೆಗೆದುಕೊಂಡವರು ಇಲ್ಲಿ ಯಾರಾದರೂ ಇದ್ದರೆ, ಏನೇನು ಕಾಗದ ಕೊಟ್ಟಿರಿ ಅಂತ ಕಾಮೆಂಟಿನಲ್ಲಿ ಬರೆಯಿರಿ.