ಹಿಮಕ್ಕೆ ಹಳೇ ಡರ್ಟ್ ಬೈಕ್ ಬೇಕಾ? ಮೊದಲು ಎಂಜಿನ್ ಮುಟ್ಟಿ ನೋಡಿ

ಹಿಮದಲ್ಲಿ ಓಡುವ ಸ್ನೋ ಬೈಕ್ ಮಾಡಿಕೊಳ್ಳೋಣ ಅಂತ ಕಳೆದ ಶನಿವಾರ ಒಂದು ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್ (ಮಣ್ಣುದಾರಿಯಲ್ಲಿ ಓಡಿಸುವ ಬೈಕ್) ನೋಡಲು ಹೋಗಿದ್ದೆ. ಅಮೆರಿಕದ ಐಡಾಹೊ ರಾಜ್ಯದ ಬೋಯ್ಸಿಯಿಂದ ಒಂದೂವರೆ ಗಂಟೆ ದಾರಿ. ಮಾರುವವನು ಫೋನಿನಲ್ಲೇ "ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ" ಅಂದಿದ್ದ. ನಿಜ, ಬಟನ್ ಒತ್ತಿದ ಕೂಡಲೇ ಗುಡುಗಿತು. ಆದರೆ ಅದಕ್ಕೂ ಮುಂಚೆ ಅದೂ ಇದೂ ಮಾತಾಡುತ್ತಾ ಎಂಜಿನ್ ಮೇಲೆ ಕೈ ಇಟ್ಟಿದ್ದೆ. ಹೊರಗೆ ಮೈನಸ್ ನಾಲ್ಕು ಡಿಗ್ರಿ, ಎಂಜಿನ್ ಮಾತ್ರ ಬೆಚ್ಚಗಿತ್ತು. ನಾನು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದ. ಥ್ಯಾಂಕ್ಸ್ ಹೇಳಿ ವಾಪಸ್ ಬಂದೆ.

ಈ ಬುದ್ಧಿ ನನಗೆ ಅಮೆರಿಕದಲ್ಲಿ ಬಂದಿದ್ದಲ್ಲ. ಮೈಸೂರಿನಲ್ಲಿ ಚಿಕ್ಕಪ್ಪ ಹಳೇ ಯೆಜ್ಡಿ ನೋಡಲು ಹೊರಟಾಗ ನನ್ನನ್ನೂ ಎಬ್ಬಿಸಿಕೊಂಡು ಹೋಗಿದ್ದರು. "ಅವನು ಕಾಫಿ ಕುಡಿಯೋ ಮುಂಚೆ ಹೋಗಬೇಕು ಕಣೋ" ಅಂದಿದ್ದರು. ತಣ್ಣಗಿರುವ ಎಂಜಿನ್ ಸುಳ್ಳು ಹೇಳಲ್ಲ ಅನ್ನೋದು ಅವರ ಲೆಕ್ಕ.

ಸ್ನೋ ಬೈಕ್ ಅಂದರೆ ಏನು ಅಂತ ಕೇಳುವವರಿಗೆ: ಡರ್ಟ್ ಬೈಕಿನ ಮುಂದಿನ ಚಕ್ರ ತೆಗೆದು ಒಂದು ಅಗಲದ ಸ್ಕೀ ಹಾಕುತ್ತಾರೆ. ಹಿಂದಿನ ಚಕ್ರ, ಸ್ವಿಂಗ್ ಆರ್ಮ್, ಶಾಕ್ ಎಲ್ಲಾ ಬಿಚ್ಚಿ ಆ ಜಾಗಕ್ಕೆ ಯುದ್ಧದ ಟ್ಯಾಂಕಿನ ಪಟ್ಟಿಯಂಥ ರಬ್ಬರ್ ಟ್ರ್ಯಾಕ್ ಕೂರಿಸುತ್ತಾರೆ. ಈ ಸ್ಕೀ, ಟ್ರ್ಯಾಕಿನ ಕಿಟ್ ಮಾಡಿ ಹೆಸರು ಗಳಿಸಿದ ಕಂಪನಿ ಟಿಂಬರ್‌ಸ್ಲೆಡ್ ಹುಟ್ಟಿದ್ದು ಇದೇ ಐಡಾಹೊದ ಸ್ಯಾಂಡ್‌ಪಾಯಿಂಟ್ ಊರಿನಲ್ಲಿ. 2015ರಲ್ಲಿ ಹಿಮದ ಗಾಡಿಗಳನ್ನು ಮಾಡುವ ಪೊಲಾರಿಸ್ ಕಂಪನಿ ಅದನ್ನು ಕೊಂಡಿತು. 2017ರಲ್ಲಿ ಆಸ್ಪೆನ್‌ನ ಸಾಹಸ ಕ್ರೀಡಾಕೂಟ ಎಕ್ಸ್ ಗೇಮ್ಸ್‌ನಲ್ಲಿ ಸ್ನೋ ಬೈಕ್ ರೇಸೂ ಶುರುವಾಯಿತು.

ಎಲ್ಲರೂ ಕೇಳೋದು "ಯಾವ ಬೈಕ್ ತಗೊಳ್ಳಲಿ" ಅಂತ. ಮೊದಲು ಯಾವ ಟ್ರ್ಯಾಕ್ ಕಿಟ್ ಅಂತ ಕೇಳಬೇಕು. ಕಿಟ್ಟನ್ನು ಫ್ರೇಮಿಗೆ ಜೋಡಿಸುವ ಬ್ರಾಕೆಟ್, ಸ್ಪೇಸರ್‌ಗಳು ಮಾಡೆಲ್ಲಿಗೊಂದು, ಕೆಲವೊಮ್ಮೆ ವರ್ಷಕ್ಕೊಂದು. ಬೈಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಆಮೇಲೆ ಅದಕ್ಕೆ ಹೊಂದುವ ಬ್ರಾಕೆಟ್ಟೇ ಸಿಗದೆ ಗ್ಯಾರೇಜಿನಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮಾಡಿಕೊಂಡವರನ್ನು ನೋಡಿದ್ದೇನೆ.

250 ಸಿಸಿ ಸಾಕಲ್ವಾ, ಹಗುರ ಇರುತ್ತೆ ಅನ್ನುತ್ತಾರೆ. ಸಾಲದು. ಪ್ರತಿ 1,000 ಅಡಿ ಮೇಲೇರಿದಂತೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ 3 ಪರ್ಸೆಂಟ್ ಇಳಿಯುತ್ತದೆ. ನಾವು ಓಡಿಸಲು ಹೋಗುವ ಮೆಕಾಲ್ ಊರೇ 5,000 ಅಡಿ ಎತ್ತರದಲ್ಲಿದೆ. ಬೆಟ್ಟ ಹತ್ತಿ 8,000 ಅಡಿ ಮುಟ್ಟುವ ಹೊತ್ತಿಗೆ ಕಾಲು ಭಾಗ ಶಕ್ತಿ ಹೋಗಿರುತ್ತದೆ. ಅದರ ಮೇಲೆ ಆ ಭಾರದ ಟ್ರ್ಯಾಕನ್ನು ಮೆತ್ತನೆ ಹಿಮದಲ್ಲಿ ತಿರುಗಿಸಬೇಕು. 450 ಸಿಸಿ ಫೋರ್ ಸ್ಟ್ರೋಕ್‌ಗಿಂತ ಕೆಳಗೆ ನಾನಂತೂ ಇಳಿಯಲ್ಲ.

ಕಾರ್ಬುರೇಟರ್ ಬೈಕೂ ಬೇಡ. ಎತ್ತರ ಬದಲಾದಾಗಲೆಲ್ಲ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಾಯಿಸುತ್ತಾ ಕೂರುವವರು ಯಾರು? ಚಳಿಗೆ ಒಳಗೆ ಐಸ್ ಬೇರೆ ಕಟ್ಟುತ್ತೆ. ಹೋಂಡಾ, ಕವಾಸಾಕಿ 450 ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕ್ ರೇಸಿನ) ಬೈಕುಗಳಿಗೆ 2009ರಲ್ಲಿ, ಯಮಹಾಕ್ಕೆ 2010ರಲ್ಲಿ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂತು.

ಇನ್ನು ಸೆಲ್ಫ್ ಸ್ಟಾರ್ಟ್. ಇದನ್ನು ಐಷಾರಾಮ ಅಂದುಕೊಂಡಿದ್ದೆ. ಗೆಳೆಯನ ಕಿಕ್ಕರ್ ಬೈಕ್ ತಗೊಂಡು ಒಮ್ಮೆ ಹೋದೆ. ಮರದ ಪಕ್ಕ ಮಗುಚಿ ಆಫ್ ಆಯಿತು. ಕಿಕ್ ಹೊಡೆಯಲು ಇನ್ನೊಂದು ಕಾಲು ಗಟ್ಟಿ ನೆಲದ ಮೇಲಿರಬೇಕು. ಅಲ್ಲಿ ನೆಲ ಎಲ್ಲಿದೆ? ಬಲಗಾಲಲ್ಲಿ ಒದ್ದರೆ ಎಡಗಾಲು ತೊಡೆಯವರೆಗೆ ಹೂತುಹೋಗುತ್ತಿತ್ತು. ಹದಿನೈದು ಸಲ ಒದ್ದ ಮೇಲೆ ಜಾಕೆಟ್ ಒಳಗೆ ಬೆವರು, ಕನ್ನಡಕದ ಮೇಲೆ ಮಂಜು, ಬಾಯಲ್ಲಿ ಅಚ್ಚ ಕನ್ನಡ. ಕೆಟಿಎಂ 450ರಲ್ಲಿ ಬಟನ್ ಎಷ್ಟೋ ವರ್ಷಗಳಿಂದ ಇದೆ. ಹೋಂಡಾ, ಯಮಹಾ ಆದರೆ 2018ರ ಮಾಡೆಲ್ ಅಥವಾ ಆಮೇಲಿನದು, ಕವಾಸಾಕಿ ಆದರೆ 2019ರಿಂದ ಈಚಿನದು ನೋಡಿ.

ಹಿಮಕ್ಕೆ ಕೊಳ್ಳುವವನಿಗೆ ಚೌಕಾಸಿಯಲ್ಲಿ ಒಂದು ಮಜಾ ಇದೆ. ಸವೆದ ಟೈರ್, ಸೊಟ್ಟಗಾದ ಹಿಂದಿನ ರಿಮ್, ಸೋರುವ ಹಿಂದಿನ ಶಾಕ್, ಹಲ್ಲು ಹೋದ ಹಿಂದಿನ ಸ್ಪ್ರಾಕೆಟ್, ಇವೆಲ್ಲ ಹೇಗೂ ಬಿಚ್ಚಿಡುವ ಸಾಮಾನು. ಬೇಸಿಗೆಯಲ್ಲಿ ಓಡಿಸಲ್ಲ ಅಂದರೆ ಇವನ್ನೇ ತೋರಿಸಿ ಬೆಲೆ ಇಳಿಸಿ. ಆದರೆ ಮುಂದಿನ ಫೋರ್ಕ್ ಬಿಡಬೇಡಿ. ಸ್ಕೀ ನಿಲ್ಲೋದು ಅದರ ಮೇಲೇ.

ಎಂಜಿನ್ ವಿಷಯಕ್ಕೆ ಬಂದರೆ, ಹಿಮದಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿಕೊಂಡೇ ಬೆಟ್ಟ ಹತ್ತುತ್ತೇವೆ. ರೇಸ್ ಟ್ರ್ಯಾಕಿನಲ್ಲಿ ಜಂಪು, ತಿರುವು ಅಂತ ಎಂಜಿನ್ನಿಗೆ ಉಸಿರಾಡಲು ಜಾಗ ಇರುತ್ತೆ, ಇಲ್ಲಿ ಅದೂ ಇಲ್ಲ. ಹಾಗಾಗಿ ಎಷ್ಟು ಗಂಟೆ ಓಡಿದೆ ಅನ್ನೋದು ಮುಖ್ಯ. ಅವರ್ ಮೀಟರ್ ಅನ್ನೋದು ಅಂಟಿಸಿರುವ ಸಣ್ಣ ಡಬ್ಬಿ, ಯಾರು ಬೇಕಾದರೂ ಹೊಸದು ಅಂಟಿಸಬಹುದು. ನಾನು ಅದನ್ನು ನಂಬಲ್ಲ. ಸೀಟ್ ಬಿಚ್ಚಿ ಏರ್ ಫಿಲ್ಟರ್ ಹೊರಗೆ ತೆಗೆದು, ಅದರ ಹಿಂದಿನ ರಬ್ಬರ್ ಕೊಳವೆಯೊಳಗೆ ಬೆರಳು ಆಡಿಸುತ್ತೇನೆ. ಬೆರಳಿಗೆ ನುಣ್ಣನೆ ಮಣ್ಣು ಹತ್ತಿತು ಅಂದರೆ ಮುಗೀತು. ಫಿಲ್ಟರ್ ದಾಟಿದ ಆ ಧೂಳು ವಾಲ್ವುಗಳನ್ನು ಉಜ್ಜಿ ತಿಂದಿರುತ್ತದೆ. ಹಾಗೆ ಸವೆದು ವಾಲ್ವ್ ಗ್ಯಾಪ್ ಕಮ್ಮಿಯಾದ ಬೈಕ್ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುತ್ತೆ. ಆ ಶನಿವಾರದ ಮಹಾಶಯ ಯಾಕೆ ಬಿಸಿ ಮಾಡಿಟ್ಟಿದ್ದ ಅಂತ ಈಗ ಅರ್ಥವಾಯಿತಲ್ಲ?

ಮೊದಲೇ ಹಿಮದಲ್ಲಿ ಓಡಿಸಿದ ಬೈಕ್ ಆದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ತಡೆಯುವ ವಾಲ್ವ್) ಹಾಕಿಸಿದ್ದಾರಾ ಕೇಳಿ. ಮೋಟೋಕ್ರಾಸ್ ಬೈಕುಗಳಿಗೆ ಸಾಮಾನ್ಯವಾಗಿ ಅದು ಇರಲ್ಲ. ಚಳಿಯಲ್ಲಿ ಎಂಜಿನ್ ಬಿಸಿಯೇ ಏರದೆ ಆಯಿಲ್ಲಿಗೆ ನೀರು, ಪೆಟ್ರೋಲ್ ಸೇರಿಕೊಳ್ಳುತ್ತದೆ. ಪಕ್ಕದ ಗಾಜಿನ ಕಿಂಡಿಯಲ್ಲಿ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಹಾಗೆ ಕಂಡರೆ ಜೇಬಿನಿಂದ ಕೈ ತೆಗೆಯಬೇಡಿ. ವಾಟರ್ ಪಂಪ್ ಸೀಲ್ ಹೋಗಿದ್ದರೂ ಅದೇ ಬಣ್ಣ.

ಎಂಜಿನ್ ಶಕ್ತಿ ಹೆಚ್ಚಿಸಲು ಹಾಕಿದ ಹೈ ಕಂಪ್ರೆಷನ್ ಪಿಸ್ಟನ್, ರೇಸ್ ಕ್ಯಾಮ್ ಅಂತ ಜಂಬದಿಂದ ಪಟ್ಟಿ ಕೊಡುವ ಜಾಹೀರಾತುಗಳನ್ನು ನಾನು ಪೂರ್ತಿ ಓದೋದೂ ಇಲ್ಲ. ಮನೆಯಿಂದ ಇಪ್ಪತ್ತು ಮೈಲಿ ದೂರದ ಕಾಡಿನಲ್ಲಿ ನಿಂತುಹೋದರೆ ತಳ್ಳಿಕೊಂಡು ಬರುವ ಗಾಡಿ ಅಲ್ಲ ಇದು. ಆ ದುಡ್ಡಿನಲ್ಲಿ ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ಅವಲಾಂಚ್ ಬೀಕನ್, ಚುಚ್ಚಿ ನೋಡುವ ಪ್ರೋಬ್ ಕೋಲು, ಸಲಿಕೆ ತಗೊಳ್ಳಿ.

ಈ ಭಾನುವಾರ ಮೆಕಾಲ್ ಹತ್ತಿರ ಇನ್ನೊಂದು ಬೈಕ್ ನೋಡುವುದಿದೆ. "ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮೆಸೇಜ್ ಹಾಕಿದ್ದೆ. "ಹಾಗಾದರೆ ಬೆಳಿಗ್ಗೆ ಏಳಕ್ಕೇ ಬನ್ನಿ, ಕಾಫಿ ಒಟ್ಟಿಗೇ ಕುಡಿಯೋಣ" ಅಂತ ಉತ್ತರ ಬಂತು. ನಾಲ್ಕಕ್ಕೆ ಅಲಾರಂ ಇಟ್ಟಿದ್ದೇನೆ.